ನಮ್ಮೂರ ಕೆರೆಯ ಕಳೆ ತೆಗೆಸಿದ ಅನುಭವ

ಹಾಸನದ ಸಮೀಪದ ನಮ್ಮೂರ ಕೆರೆಯನ್ನು ಮುಚ್ಚಿದ್ದ ಕಳೆ ತೆಗೆಯಲು ಬಂದ ಗುತ್ತಿಗೆ ತಂಡದ ಕೆಲಸವನ್ನು ಮೂರು ತಿಂಗಳು ಗಮನಿಸಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಹಳ ಮೆಚ್ಚುಗೆಯಾದದ್ದು ಅವರು ಕಳೆಯನ್ನು ಗುರುತಿಸಿದ ರೀತಿ. ನಮ್ಮಲ್ಲಿ ತೇಲುವ ಕಳೆಗೆಲ್ಲ ಅಂತರಗಂಗೆ ಎಂದೇ ಹೆಸರು. ಆದರೆ ಮೇಲ್ವಿಚಾರಕರು ಒಂದು ಗಿಡವನ್ನು ಎತ್ತಿ, ಉಬ್ಬಿದ ತೊಟ್ಟನ್ನು ಸೀಳಿ, ಗಾಳಿ ತುಂಬಿದ ಸ್ಪಂಜಿನಂಥ ತಿರುಳನ್ನೂ ತಿಳಿನೇರಳೆ ಹೂವಿನ ಮೇಲೆಸಳಿನ ಹಳದಿ ಮಚ್ಚೆಯನ್ನೂ ತೋರಿಸಿ, ಇದು ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಸಿಂತ್ ಎಂದು ವಿವರಿಸಿದರು. ತೊಟ್ಟಿಲ್ಲದೆ ಎಲೆಕೋಸಿನಂತೆ ಅರಳಿಕೊಳ್ಳುವ, ಮಖಮಲ್ಲಿನಂಥ ಎಲೆಯ ಪಿಸ್ಟಿಯಾ ಬೇರೆಯೇ ಗಿಡ.

ಯಂತ್ರದ ಕೆಲಸ ಚುರುಕಾಗಿತ್ತು, ದರವೂ ನ್ಯಾಯವಾಗಿತ್ತು. ಆದರೆ ತೆಗೆದ ರಾಶಿಯನ್ನು ಏರಿಯ ಒಳಮಗ್ಗುಲಲ್ಲೇ ಬಿಟ್ಟು ಹೋದದ್ದು ದೊಡ್ಡ ತಪ್ಪು: ಮೊದಲ ಮಳೆಗೇ ಗಿಡಗಳು ನೀರಿಗಿಳಿದು, ಕೆಲವೇ ವಾರಗಳಲ್ಲಿ ತೂಬಿನ ಬಳಿ ಮತ್ತೆ ಹಸಿರು ಚಾಪೆ ಹಾಸಿತು. ಇದರ ಬೀಜ ಕೆಸರಿನಲ್ಲಿ 15 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲದಾದ್ದರಿಂದ, ಒಮ್ಮೆ ತೆಗೆಸಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಈ ಕಳೆಯನ್ನೇ ತಿನ್ನುವ ನಿಯೋಕೆಟಿನಾ ಮೂತಿಹುಳುಗಳನ್ನು 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಗಿತ್ತು. ಆ ಬಗ್ಗೆ ತಂಡ ಒಂದು ಮಾತನ್ನೂ ಆಡಲಿಲ್ಲ. ಮುಂದಿನ ಬಾರಿ, ರಾಶಿಯನ್ನು ಏರಿಯಾಚೆ ಸಾಗಿಸುವುದನ್ನೂ ತಿಂಗಳಿಗೊಮ್ಮೆ ಸಸಿ ಆಯುವುದನ್ನೂ ಕರಾರಿನಲ್ಲಿ ಬರೆಸಿಕೊಂಡೇ ಅವರನ್ನು ಕರೆಯುತ್ತೇವೆ.