ಉಬುಂಟು, ಜೋರಿನ್, ಮಿಂಟ್: ಹೊಸಬರಿಗೆ ಯಾವ ಲಿನಕ್ಸ್ ಸರಿ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಲ್ಲದ ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕಬಹುದು, ಸರಿ. ಅದರಲ್ಲಿ ಹಲವು ಬಗೆ. ಆದರೆ ಯಾವ ಲಿನಕ್ಸ್? 4 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಉಬುಂಟು, ಜೋರಿನ್ ಓಎಸ್, ಲಿನಕ್ಸ್ ಮಿಂಟ್ ಮೂರನ್ನೂ ಬಳಸಿ ನೋಡಿದ್ದೇನೆ.

ಮೂರರ ಬುಡ ಒಂದೇ. ಜೋರಿನ್, ಮಿಂಟ್ ಎರಡೂ ಉಬುಂಟುವಿನ ಎಲ್‌ಟಿಎಸ್ (ಹೆಚ್ಚು ವರ್ಷ ಬೆಂಬಲ ಸಿಗುವ) ಆವೃತ್ತಿಯ ಮೇಲೆ ನಿಂತಿವೆ. ಹಾಗಾಗಿ ವೈಫೈ, ಪ್ರಿಂಟರ್ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕನ್ನಡ ಕೀಬೋರ್ಡ್ ಮೂರರಲ್ಲೂ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಂಡರೆ ಆಯಿತು.

ಉಬುಂಟು 2004ರಿಂದ ಇದೆ. ಯಾವ ತೊಂದರೆ ಬಂದರೂ ಹುಡುಕಿದರೆ ಉತ್ತರ ಸಿಗುತ್ತದೆ, ಇದು ಸಣ್ಣ ಲಾಭವಲ್ಲ. ಆದರೆ ಅದರ ಗ್ನೋಮ್ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆ) ವಿಂಡೋಸ್ ದಾರಿಯದ್ದಲ್ಲ. ಎಡ ಮೂಲೆಯ ಬಟನ್ ಒತ್ತಿದರೆ ಮೆನು ಬರುವುದಿಲ್ಲ, ಪರದೆ ತುಂಬ ಐಕಾನ್‌ಗಳು ಹರಡಿಕೊಳ್ಳುತ್ತವೆ. ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದದ್ದೆಲ್ಲ ಒಟ್ಟಿಗೆ ಕಟ್ಟಿದ ಪ್ಯಾಕೇಜ್ ಆಗಿ ಬರುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಕಂಪ್ಯೂಟರ್ ಆನ್ ಮಾಡಿದ ಮೇಲೆ ಮೊದಲ ಸಲ ಅದು ತೆರೆಯಲು ಸ್ವಲ್ಪ ಕಾಯಬೇಕು.

ನೋಟಕ್ಕೆ ಜೋರಿನ್ನೇ ಮುಂದು. ಡಬ್ಲಿನ್‌ನಲ್ಲಿ ಹುಟ್ಟಿದ ಈ ಓಎಸ್‌ನ ಗುರಿಯೇ ವಿಂಡೋಸ್‌ನಿಂದ ಬರುವವರು. ಟಾಸ್ಕ್‌ಬಾರ್, ಮೆನು ಎಲ್ಲ ಪರಿಚಿತ ಜಾಗದಲ್ಲೇ ಇವೆ. ವಿಂಡೋಸ್‌ನ ಇನ್‌ಸ್ಟಾಲರ್ ಫೈಲ್ ಒತ್ತಿದರೆ ಎಷ್ಟೋ ಸಲ ಅದಕ್ಕೆ ಬದಲಿ ತಂತ್ರಾಂಶವನ್ನು ತಾನೇ ಸೂಚಿಸುತ್ತದೆ. ಜಾಣತನ ಅಲ್ವಾ? ಒಳಗೆ ಮಾತ್ರ ಅದೇ ಗ್ನೋಮ್, 4 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಕೆಲವು ವಿನ್ಯಾಸಗಳು ಬೇಕೆಂದರೆ ದುಡ್ಡು ಕೊಟ್ಟು ಪ್ರೊ ಆವೃತ್ತಿ ಕೊಳ್ಳಬೇಕು.

ಮಿಂಟ್ ನೋಡಲು ಸ್ವಲ್ಪ ಹಳೇ ಕಾಲದ್ದು. ನನ್ನ ಆಯ್ಕೆ ಮಾತ್ರ ಇದೇ, ಕಾರಣ ಟೈಮ್‌ಶಿಫ್ಟ್. ಇನ್‌ಸ್ಟಾಲ್ ಆದ ಕೂಡಲೇ ಬರುವ ಸ್ವಾಗತದ ಕಿಟಕಿಯಲ್ಲೇ ಇದನ್ನು ಹೊಂದಿಸಿಕೊಳ್ಳಿ ಎಂಬ ಸಲಹೆ ಇರುತ್ತದೆ. ಆಗಾಗ ಸಿಸ್ಟಮ್ ಫೈಲ್‌ಗಳ ನಕಲು ತೆಗೆದಿಡುವುದು ಇದರ ಕೆಲಸ. ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಕಂಪ್ಯೂಟರ್ ಬೂಟ್ ಆಗದಿದ್ದರೂ ಮಿಂಟ್ ಇನ್‌ಸ್ಟಾಲ್ ಮಾಡಲು ಬಳಸಿದ ಪೆನ್‌ಡ್ರೈವ್‌ನಿಂದ ಶುರು ಮಾಡಿ ಟೈಮ್‌ಶಿಫ್ಟ್ ಓಡಿಸಬಹುದು. ಟರ್ಮಿನಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಕಂಡರೆ ಹೆದರುವವರಿಗೆ ಇದಕ್ಕಿಂತ ಜಾಸ್ತಿ ಧೈರ್ಯ ಕೊಡುವುದು ಬೇರೇನೂ ಇಲ್ಲ. ಉಳಿದೆರಡರಲ್ಲೂ ಇದನ್ನು ಹಾಕಿಕೊಳ್ಳಬಹುದು, ಆದರೆ ಅಂಥದ್ದೊಂದು ಇದೆ ಎಂದು ಹೊಸಬರಿಗೆ ಗೊತ್ತಿರಬೇಕಲ್ಲ! ಒಂದು ಎಚ್ಚರ: ಟೈಮ್‌ಶಿಫ್ಟ್ ತಾನಾಗಿ ನಿಮ್ಮ ಫೋಟೋ, ಕಡತಗಳನ್ನು ಉಳಿಸುವುದಿಲ್ಲ. ಅವುಗಳ ಬ್ಯಾಕಪ್ ಬೇರೆ ಇರಲಿ.

ಮಿಂಟ್‌ನ ಮುಖ್ಯ ಡೆಸ್ಕ್‌ಟಾಪ್ ಆದ ಸಿನಮನ್ ಆವೃತ್ತಿಯೂ ಭಾರ ಅನ್ನಿಸಿದರೆ, ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನ ಆವೃತ್ತಿ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕೊನೆಗೆ ಉಳಿದದ್ದು ಅದೇ.

ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್, ಟಚ್‌ಸ್ಕ್ರೀನ್, ಬೇರೆ ಬೇರೆ ರೆಸಲ್ಯೂಶನ್‌ನ ಎರಡು ಮಾನಿಟರ್ ಇದ್ದವರಿಗೆ ಮಾತ್ರ ಉಬುಂಟು ಎನ್ನುತ್ತೇನೆ. ಹೊಸ ಹಾರ್ಡ್‌ವೇರ್ ಜೊತೆ ಅದು ಬೇಗ ಹೊಂದಿಕೊಳ್ಳುತ್ತದೆ. ಯಾವುದನ್ನೇ ಆರಿಸಿ, ಡಿಸ್ಕ್ ಅಳಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ವೈಫೈ, ಸೌಂಡ್ ಎಲ್ಲರೂ ನೋಡುತ್ತಾರೆ. ಮುಚ್ಚಳ ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಸರಿಯಾಗಿ ಏಳುತ್ತದಾ ಎಂಬುದನ್ನೂ ನೋಡಿ.