ಸೀಸನ್ ಟಿಕೆಟ್ಟೋ, ಕೊನೆ ವಾರದ ರಿಯಾಯಿತಿಯೋ: ಕಾಲೇಜು ಫುಟ್‌ಬಾಲ್ ನೋಡುವ ನಾಲ್ಕು ದಾರಿಗಳ ಹೋಲಿಕೆ

ಅಮೆರಿಕದ ಕಾಲೇಜು ಫುಟ್‌ಬಾಲನ್ನು ಕ್ರೀಡಾಂಗಣದಲ್ಲೇ ಕುಳಿತು ನೋಡಬೇಕೆನ್ನುವವರ ಮುಂದೆ ಇಂದು ಮುಖ್ಯವಾಗಿ ನಾಲ್ಕು ದಾರಿಗಳಿವೆ. ವರ್ಷದ ಎಲ್ಲ ತವರು ಪಂದ್ಯಗಳಿಗೂ ಒಟ್ಟಿಗೆ ಹಣ ಕಟ್ಟಿ ಕೊಳ್ಳುವ ಸೀಸನ್ ಟಿಕೆಟ್, ಮೂರು ಪಂದ್ಯಗಳನ್ನು ಆರಿಸಿಕೊಳ್ಳುವ ಮಿನಿ ಪ್ಯಾಕ್, ಪಂದ್ಯ ಹತ್ತಿರವಾದಂತೆ ವಿಶ್ವವಿದ್ಯಾಲಯವೇ ಹೊರಡಿಸುವ ರಿಯಾಯಿತಿ ಕೊಡುಗೆ, ಮತ್ತು ಸ್ಟಬ್‌ಹಬ್, ಸೀಟ್‌ಗೀಕ್‌ನಂತಹ ಮರುಮಾರಾಟದ ತಾಣಗಳು. ಮಿಡ್‌ವೆಸ್ಟ್‌ನ ಒಂದು ವಿಶ್ವವಿದ್ಯಾಲಯದ ಊರಿನಲ್ಲಿ ನೆಲೆಸಿರುವ ನಮ್ಮ ಮನೆಯವರು ಈ ನಾಲ್ಕನ್ನೂ ಬೇರೆ ಬೇರೆ ವರ್ಷಗಳಲ್ಲಿ ಬಳಸಿ ನೋಡಿದ್ದೇವೆ. ಬೆಲೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಸೀಸನ್ ಟಿಕೆಟ್ ಸೋಲುತ್ತದೆ. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಹಾಗಿದ್ದೂ ಅದನ್ನು ವರ್ಷವರ್ಷವೂ ಕೊಳ್ಳುವವರು ನಿಜವಾಗಿ ಕೊಳ್ಳುತ್ತಿರುವುದೇನನ್ನು, ಮತ್ತು ರಿಯಾಯಿತಿಯ ಕೊಡುಗೆಗಳು ಅದರಲ್ಲಿ ಯಾವ ಭಾಗವನ್ನು ಕೆಡಿಸುತ್ತವೆ ಎಂಬುದನ್ನು ನೋಡದೆ ಈ ಹೋಲಿಕೆ ಮುಗಿಯುವುದಿಲ್ಲ.

ಮೊದಲು ಪಂದ್ಯಗಳ ಲೆಕ್ಕ. ಒಂದು ತಂಡಕ್ಕೆ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ 12 ಪಂದ್ಯಗಳು; ಅವುಗಳಲ್ಲಿ ಆರೋ ಏಳೋ ತವರಿನಲ್ಲಿ, ಬಹುತೇಕ ಎಲ್ಲವೂ ಶನಿವಾರಗಳಂದು. ಈ ಏಳೂ ಒಂದೇ ತೂಕದವಲ್ಲ. ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ಸಣ್ಣ ವಿಶ್ವವಿದ್ಯಾಲಯಗಳಿಗೆ ಭಾರೀ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಳ್ಳುತ್ತವೆ. ಫಲಿತಾಂಶ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಜನ ಕಾಯುವುದು ನೆರೆಯ ರಾಜ್ಯದ ಬದ್ಧ ಎದುರಾಳಿ ಬರುವ ಒಂದೆರಡು ಪಂದ್ಯಗಳಿಗೆ. ಅದರಲ್ಲೂ ಸರದಿಯಿದೆ: ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯ ಬೆಸ ವರ್ಷಗಳಲ್ಲಿ ಮಿಷಿಗನ್ನಿನ ತವರಾದ ಆ್ಯನ್ ಆರ್ಬರ್‌ನಲ್ಲಾದರೆ ಸಮ ವರ್ಷಗಳಲ್ಲಿ ಒಹಾಯೊ ಸ್ಟೇಟ್‌ನ ತವರಾದ ಕೊಲಂಬಸ್‌ನಲ್ಲಿ ನಡೆಯುತ್ತದೆ. ಆದ್ದರಿಂದ ಯಾವುದೇ ಊರಿನಲ್ಲಿ ಒಂದು ವರ್ಷದ ಸೀಸನ್ ಟಿಕೆಟ್ ಗಟ್ಟಿಯಾಗಿಯೂ ಮರುವರ್ಷದ್ದು ಜೊಳ್ಳಾಗಿಯೂ ಇರಬಹುದು. ಜೊಳ್ಳು ವರ್ಷವನ್ನು ಬಿಟ್ಟು ಗಟ್ಟಿ ವರ್ಷವನ್ನಷ್ಟೇ ಕೊಳ್ಳುತ್ತೇನೆಂದರೆ ಆಸನವೂ ಕೈತಪ್ಪುತ್ತದೆ, ಕೂಡಿಟ್ಟ ಪಾಯಿಂಟ್‌ಗಳೂ ಕರಗುತ್ತವೆ.

ಪಾಯಿಂಟ್ ಎಂದರೆ ಏನೆಂದು ಹೇಳಬೇಕು. ಒಳ್ಳೆಯ ಆಸನಗಳಿಗೆ ಟಿಕೆಟ್ಟಿನ ಬೆಲೆಯೊಂದೇ ಸಾಲದು. ವಿಶ್ವವಿದ್ಯಾಲಯದ ಕ್ರೀಡಾನಿಧಿಗೆ ಪ್ರತಿ ಆಸನಕ್ಕೂ ಇಂತಿಷ್ಟು ದೇಣಿಗೆ ಕೊಡಬೇಕು. ಆ ದೇಣಿಗೆಗೂ, ಎಷ್ಟು ವರ್ಷದಿಂದ ಟಿಕೆಟ್ ನವೀಕರಿಸುತ್ತಿದ್ದೀರಿ ಎಂಬುದಕ್ಕೂ ಪಾಯಿಂಟ್ ಸಿಗುತ್ತದೆ. ಪಾರ್ಕಿಂಗ್ ಎಷ್ಟು ಹತ್ತಿರ, ಹೊರ ಊರಿನ ಪಂದ್ಯಕ್ಕೂ, ಸೀಸನ್ ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವ ಬೌಲ್ ಪಂದ್ಯಕ್ಕೂ ಟಿಕೆಟ್ ಸಿಗುತ್ತದೆಯೇ ಎಂಬುದನ್ನೆಲ್ಲ ಈ ಪಾಯಿಂಟ್‌ಗಳ ಸಾಲೇ ತೀರ್ಮಾನಿಸುತ್ತದೆ. ಹಿಂದೆ ಈ ದೇಣಿಗೆಯ 80 ಶೇಕಡಾ ಭಾಗಕ್ಕೆ ಕೇಂದ್ರ ಆದಾಯ ತೆರಿಗೆಯಲ್ಲಿ ವಿನಾಯಿತಿ ಇತ್ತು. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು 2018ರಿಂದ ಅದನ್ನು ತೆಗೆದುಹಾಕಿತು. ದೇಣಿಗೆಯ ಮೊತ್ತ ಮಾತ್ರ ಆ ಕಾರಣಕ್ಕೆ ಇಳಿಯಲಿಲ್ಲ. ನಿಷ್ಠೆಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ ನಿಂತುಹೋದ ಮೇಲೆ ಟಿಕೆಟ್‌ದಾರರು ಪ್ರತಿ ಡಾಲರನ್ನೂ ಎಣಿಸತೊಡಗಿದ್ದು ಸಹಜ; ರಿಯಾಯಿತಿಯ ಜಾಹೀರಾತು ಈಗ ಅವರನ್ನು ಹಿಂದಿಗಿಂತ ಹೆಚ್ಚು ಚುಚ್ಚುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಸೀಸನ್ ಟಿಕೆಟ್ಟಿನ ಇನ್ನೊಂದು ಕಷ್ಟ ಕೊಳ್ಳುವಾಗ ಕಾಣುವುದಿಲ್ಲ. ನವೀಕರಣದ ಪತ್ರ ಬರುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಆಗ ಪಂದ್ಯಗಳ ದಿನಾಂಕ ಗೊತ್ತಿರುತ್ತದೆ, ಹೊತ್ತು ಗೊತ್ತಿರುವುದಿಲ್ಲ. ಹಲವು ಪಂದ್ಯಗಳ ವೇಳೆಯನ್ನು ಟಿವಿ ವಾಹಿನಿಗಳು ಹನ್ನೆರಡು ದಿನ, ಕೆಲವೊಮ್ಮೆ ಆರೇ ದಿನ ಮುಂಚೆ ನಿರ್ಧರಿಸುತ್ತವೆ. ಮಧ್ಯಾಹ್ನ ಹನ್ನೆರಡಕ್ಕೋ ರಾತ್ರಿ ಏಳೂವರೆಗೋ ಎಂದು ತಿಳಿಯದೆ ಹಣ ಕಟ್ಟಿರುತ್ತೇವೆ. ಚಿಕ್ಕ ಮಕ್ಕಳಿರುವ ಮನೆಗೆ ನವೆಂಬರಿನ ರಾತ್ರಿಯ ಪಂದ್ಯವೆಂದರೆ ಶಿಕ್ಷೆ. ನಮ್ಮಂಥವರಿಗೆ ಇನ್ನೂ ಒಂದು ತೊಡಕು: ಕನ್ನಡ ಕೂಟದ ರಾಜ್ಯೋತ್ಸವವೂ ದೀಪಾವಳಿ ಕಾರ್ಯಕ್ರಮವೂ ಅವೇ ತಿಂಗಳುಗಳ ಶನಿವಾರಗಳಲ್ಲಿ ಬೀಳುತ್ತವೆ, ಹಾಗಾಗಿ ಏಳರಲ್ಲಿ ಒಂದೆರಡು ಟಿಕೆಟ್ ಪ್ರತಿ ವರ್ಷ ಯಾರಿಗಾದರೂ ದಾಟಿಸಬೇಕಾಗುತ್ತದೆ.

ಇಷ್ಟೆಲ್ಲ ಕೊಟ್ಟು ಸಿಗುವುದು ಬೆನ್ನಿಗೆ ಆಸರೆಯಿಲ್ಲದ ಅಲ್ಯೂಮಿನಿಯಂ ಬೆಂಚಿನ ಮೇಲೆ ಸುಮಾರು 18 ಇಂಚು ಜಾಗ. ಎರಡು ಗೆರೆಗಳ ನಡುವೆ ಒಂದು ಸಂಖ್ಯೆ ಬರೆದಿರುತ್ತದೆ. ಸೆಪ್ಟೆಂಬರಿನಲ್ಲಿ ಬೆಂಚು ಸುಡುತ್ತದೆ. ನವೆಂಬರಿನಲ್ಲಿ ಎಲ್ಲರೂ ದಪ್ಪ ಕೋಟು ತೊಟ್ಟು ಬರುವುದರಿಂದ ಅದೇ ಸಾಲಿನಲ್ಲಿ ಅಷ್ಟೇ ಜನ ಹಿಡಿಸುವುದಿಲ್ಲ, ಮೊದಲು ಬಂದವರು ಗೆರೆ ದಾಟಿ ಕುಳಿತಿರುತ್ತಾರೆ. ಆದರೆ ಈ ಒತ್ತೊತ್ತಿನ ಸಾಲಿನಲ್ಲಿಯೇ ಸೀಸನ್ ಟಿಕೆಟ್ಟಿನ ನಿಜವಾದ ಲಾಭವಿದೆ. ನಮ್ಮ ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ದಂಪತಿಗಳು ಆ ಆಸನಗಳನ್ನು ದಶಕಗಳಿಂದ ಉಳಿಸಿಕೊಂಡು ಬಂದವರು. ಹತ್ತು ಗಜ ಸಾಗಲು ನಾಲ್ಕು ಅವಕಾಶ ಎಂಬ ಮೂಲಪಾಠದಿಂದ ಹಿಡಿದು, ನಾಲ್ಕನೆಯ ಅವಕಾಶದಲ್ಲಿ ಚೆಂಡನ್ನು ಒದ್ದು ದೂರ ಕಳಿಸದೆ ಮುನ್ನುಗ್ಗುವ ಕೋಚಿನ ಎದೆಗಾರಿಕೆಯವರೆಗೆ ನನಗೆ ಆಟ ಕಲಿಸಿದವರು ಅವರೇ. ನನ್ನ ಮಗಳ ಪರೀಕ್ಷೆ ಯಾವಾಗ ಎಂಬುದು ಅವರಿಗೆ ನೆನಪಿರುತ್ತಿತ್ತು. ಇಂಥ ನೆರೆಹೊರೆ ಬಿಡಿ ಟಿಕೆಟ್ಟಿನಲ್ಲಿ ಬರುವುದಿಲ್ಲ.

ಎರಡನೆಯ ಲಾಭ, ಸಪ್ಪೆಯೆಂದು ಬಗೆದ ಪಂದ್ಯಕ್ಕೂ ಹೋಗಿ ಕೂರುವಂತೆ ಅದು ಒತ್ತಾಯಿಸುವುದು. 2007ರ ಸೆಪ್ಟೆಂಬರ್ 1ರಂದು ಆ್ಯಪಲೇಚಿಯನ್ ಸ್ಟೇಟ್ ಎಂಬ ಕೆಳದರ್ಜೆಯ ವಿಭಾಗದ ತಂಡ ಮಿಷಿಗನ್ನಿನ ಒಂದು ಲಕ್ಷಕ್ಕೂ ಮೀರಿದ ತವರು ಜನರ ಮುಂದೆ 34–32ರಿಂದ ಗೆದ್ದಿತು. 2024ರ ಸೆಪ್ಟೆಂಬರಿನಲ್ಲಿ ನಾರ್ದರ್ನ್ ಇಲಿನಾಯ್ ತಂಡ ನಾಟರ್ ಡೇಮ್ ಅನ್ನು ಅದರದ್ದೇ ಮೈದಾನದಲ್ಲಿ 16–14ರಿಂದ ಕೆಡವಿತು. ಪಂದ್ಯ ಆರಿಸಿ ಕೊಳ್ಳುವ ಯಾರೂ ಇವನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಮಿನಿ ಪ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೂರು ಪಂದ್ಯ ಆರಿಸಿಕೊಳ್ಳಿ ಎನ್ನುತ್ತಾರೆ, ಆದರೆ ಪಂದ್ಯಗಳನ್ನು ಅವರೇ ಗುಂಪು ಮಾಡಿಟ್ಟು ದೊಡ್ಡ ಪಂದ್ಯವೊಂದಕ್ಕೆ ಎರಡು ಸಪ್ಪೆ ಪಂದ್ಯಗಳನ್ನು ಗಂಟುಹಾಕಿರುತ್ತಾರೆ. ದೇಣಿಗೆ ಬೇಕಿಲ್ಲ; ಆಸನ ಮೂಲೆಯಲ್ಲೋ ಮೇಲಿನ ಸಾಲುಗಳಲ್ಲೋ ಸಿಗುತ್ತದೆ. ನಮಗೆ ಪಂದ್ಯವೊಂದಕ್ಕೆ ಬಿದ್ದ ಖರ್ಚು ದೇಣಿಗೆ ಸೇರಿಸಿದ ಸೀಸನ್ ಟಿಕೆಟ್ಟಿನ ಅರ್ಧಕ್ಕಿಂತ ತುಸು ಹೆಚ್ಚು. ವರ್ಷಕ್ಕೆ ಮೂರು ಶನಿವಾರ ಬಿಡುವು ಮಾಡಿಕೊಳ್ಳಬಲ್ಲ ಮನೆಗೆ ಇದು ಸಾಕು, ಎದುರಾಳಿಗಳ ಪಟ್ಟಿ ನೋಡಿ ಕೊಂಡರೆ.

ಮೂರನೆಯದಾದ ರಿಯಾಯಿತಿ ಕೊಡುಗೆಯೇ ಎಲ್ಲ ಗಲಾಟೆಯ ಮೂಲ. ಅದರ ರೂಪಗಳು ಹಲವು: ನಾಲ್ವರ ಕುಟುಂಬ ಪ್ಯಾಕ್, ವಿಶ್ವವಿದ್ಯಾಲಯದ ನೌಕರರ ದಿನ, ಸೈನಿಕರ ದಿನ, ಶಾಲಾ ವಾದ್ಯವೃಂದದ ದಿನ, ಕಿರಾಣಿ ಅಂಗಡಿಯ ರಸೀದಿ ತೋರಿಸಿದರೆ ಅರ್ಧ ಬೆಲೆ. ಇವುಗಳಲ್ಲಿ ಹೆಚ್ಚು ಕುಖ್ಯಾತಿ ಪಡೆದದ್ದು 2014ರ ಸೆಪ್ಟೆಂಬರಿನಲ್ಲಿ ಮಿಷಿಗನ್ನಿನಲ್ಲಿ ಕಾಣಿಸಿಕೊಂಡ ಕೊಡುಗೆ. ಎರಡು ಕೋಕ್ ಕೊಂಡವರಿಗೆ ಮಿನೆಸೋಟ ಎದುರಿನ ಪಂದ್ಯಕ್ಕೆ ಎರಡು ಟಿಕೆಟ್ ಎಂಬ ಪ್ರಚಾರ ಹೊರಬಿದ್ದು, ಪೂರ್ತಿ ಬೆಲೆ ತೆತ್ತಿದ್ದ ವಿದ್ಯಾರ್ಥಿಗಳೂ ಹಳೆಯ ಟಿಕೆಟ್‌ದಾರರೂ ಸಿಡಿದೆದ್ದ ಮೇಲೆ ಅದನ್ನು ಹಿಂತೆಗೆದುಕೊಳ್ಳಲಾಯಿತು. 1975ರಿಂದ ತವರಿನ ಪ್ರತಿ ಪಂದ್ಯಕ್ಕೂ ಒಂದು ಲಕ್ಷ ಮೀರಿದ ಜನ ಎಂದು ಹೇಳಿಕೊಂಡು ಬಂದ ಕ್ರೀಡಾಂಗಣವದು. ಕುರ್ಚಿ ಖಾಲಿ ಕಾಣಬಾರದೆಂಬ ಒತ್ತಡ ಊಹಿಸಬಹುದಾದದ್ದೇ. ಅದೇ ಅಕ್ಟೋಬರ್ 31ರಂದು ಕ್ರೀಡಾ ನಿರ್ದೇಶಕ ಡೇವ್ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಕೋಕ್ ಒಂದೇ ಅದಕ್ಕೆ ಕಾರಣವಲ್ಲ, ತಂಡದ ಸೋಲುಗಳೂ ಟಿಕೆಟ್ ಬೆಲೆಯೂ ಸೇರಿ ಅಸಮಾಧಾನ ಮೊದಲೇ ಕುದಿಯುತ್ತಿತ್ತು. 2015ರ ವಿದ್ಯಾರ್ಥಿ ಸೀಸನ್ ಟಿಕೆಟ್ಟನ್ನು 175 ಡಾಲರಿಗೆ ಇಳಿಸಲಾಯಿತು. ಹೊರಗಿನವರಿಗೆ ಅಗ್ಗ ಮಾಡುವ ಬದಲು ಇರುವವರಿಗೆ ಇಳಿಸಿದ ಈ ಕ್ರಮವೇ ಸರಿಯಾದ ಔಷಧವಾಗಿತ್ತು.

ನಮ್ಮ ಊರಿನ ಕೊಡುಗೆಯನ್ನೂ ಬಳಸಿ ನೋಡಿದ್ದೇವೆ. ಕುಟುಂಬ ಪ್ಯಾಕಿನಲ್ಲಿ ನಾಲ್ಕು ಟಿಕೆಟ್, ನಾಲ್ಕು ಹಾಟ್ ಡಾಗ್, ನಾಲ್ಕು ತಂಪು ಪಾನೀಯ. ಸಸ್ಯಾಹಾರಿಗಳಾದ ನಮ್ಮ ಪಾಲಿನ ಹಾಟ್ ಡಾಗ್‌ಗಳು ಹಿಂದಿನ ಸಾಲಿನ ವಿದ್ಯಾರ್ಥಿಗಳ ಹೊಟ್ಟೆ ಸೇರಿದವು. ಹೊರಗಿನ ತಿಂಡಿ ಒಳಗೆ ಬಿಡದ ಕಾರಣ ಚಿತ್ರಾನ್ನವನ್ನು ಟೇಲ್‌ಗೇಟ್‌ನಲ್ಲಿ, ಎಂದರೆ ಪಾರ್ಕಿಂಗ್ ಜಾಗದಲ್ಲಿಯೇ ಮುಗಿಸಿ ಹೋಗಬೇಕಾಯಿತು. ನಾಲ್ವರಿಗೆ ಸೇರಿ ಕೊಟ್ಟ ಹಣ ಸೀಸನ್ ಟಿಕೆಟ್‌ದಾರನೊಬ್ಬನ ಎರಡು ಪಂದ್ಯಗಳ ಖರ್ಚಿಗೂ ಕಡಿಮೆ. ಅಗ್ಗವೆಂಬುದು ಸತ್ಯ. ಆದರೆ ಅದೇ ಕೊಡುಗೆಯನ್ನು ಸೀಸನ್ ಟಿಕೆಟ್ ಇದ್ದ ವರ್ಷದಲ್ಲಿ ಆಚೆ ಬದಿಯಿಂದಲೂ ಕಂಡಿದ್ದೇನೆ. ನಮ್ಮ ವಿಭಾಗದಲ್ಲಿ ಮಾರಾಟವಾಗದೆ ಉಳಿದಿದ್ದ ಸಾಲುಗಳನ್ನು ಕೊನೆಯ ವಾರದಲ್ಲಿ ಅಗ್ಗಕ್ಕೆ ಬಿಟ್ಟರು. ಅವನ್ನು ಕೊಂಡವರಲ್ಲಿ ಹೆಚ್ಚಿನವರು ಎದುರು ತಂಡದ ಬಣ್ಣ ತೊಟ್ಟು ಬಂದರು, ಏಕೆಂದರೆ ಅವರಿಗೆ ವರ್ಷಕ್ಕೆ ಒಂದೇ ಪಂದ್ಯ ಇಲ್ಲಿ, ಅಗ್ಗದ ಟಿಕೆಟ್ಟಿಗೆ ಕಣ್ಣಿಟ್ಟು ಕಾದಿರುತ್ತಾರೆ. ಪಕ್ಕದ ಹಿರಿಯರು ಬೆಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರನ್ನು ಕೆರಳಿಸಿದ್ದು, ತಮ್ಮ ದೇಣಿಗೆಯಿಂದ ನಡೆಯುವ ಮೈದಾನದಲ್ಲಿ ಮೂರನೆಯ ಅವಕಾಶದ ಹೊತ್ತಿಗೆ ತಮ್ಮ ಹಿಂದಿನಿಂದಲೇ ಎದುರಾಳಿಯ ಜಯಕಾರ ಕೇಳಿದ್ದು.

ಇಲ್ಲಿನ ಗಣಿತ ನಮ್ಮ ರೈಲಿನ ತತ್ಕಾಲ್‌ಗೆ ತಲೆಕೆಳಗು. ತತ್ಕಾಲ್‌ನಲ್ಲಿ ತಡವಾಗಿ ಬಂದವನು ಹೆಚ್ಚು ತೆರುತ್ತಾನೆ, ಮೊದಲೇ ಕಾದಿರಿಸಿದವನಿಗೆ ನಷ್ಟವಿಲ್ಲ. ಇಲ್ಲಿ ತಡವಾಗಿ ಬಂದವನಿಗೆ ಬೆಲೆಯೂ ಕಡಿಮೆ. ಮೇಲಾಗಿ ಪಂದ್ಯದ ಹೊತ್ತು, ಹವಾಮಾನ, ಗಾಯಾಳುಗಳ ಪಟ್ಟಿ, ತಂಡ ಗೆಲ್ಲುತ್ತಿದೆಯೇ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಸೀಸನ್ ಟಿಕೆಟ್‌ದಾರ ಇವೆಲ್ಲದರ ಅನಿಶ್ಚಿತತೆಯನ್ನು ವಿಶ್ವವಿದ್ಯಾಲಯದ ಪರವಾಗಿ ತಾನು ಹೊತ್ತು, ಅದಕ್ಕೆ ಪ್ರತಿಯಾಗಿ ಹೆಚ್ಚು ಹಣವನ್ನೂ ಕೊಡುತ್ತಾನೆ.

ಮರುಮಾರಾಟದ ತಾಣಗಳಲ್ಲಿ ಈ ಅಂತರ ಬೆತ್ತಲಾಗಿ ಕಾಣುತ್ತದೆ. ಸಪ್ಪೆ ಪಂದ್ಯದ ಟಿಕೆಟ್ ಶನಿವಾರ ಬೆಳಿಗ್ಗೆ ಪಾರ್ಕಿಂಗ್ ಶುಲ್ಕಕ್ಕಿಂತ ಅಗ್ಗವಾಗಿ ಬಿದ್ದಿರುತ್ತದೆ. ಬದ್ಧ ಎದುರಾಳಿ ಬಂದ ವಾರ ಅದೇ ಆಸನ ಮುಟ್ಟಲಾಗದ ಬೆಲೆಗೆ ಏರುತ್ತದೆ. 2025ರ ಮೇ ತಿಂಗಳಿಂದ ಶುಲ್ಕಗಳೆಲ್ಲ ಸೇರಿದ ಬೆಲೆಯನ್ನೇ ಮೊದಲಿಗೆ ತೋರಿಸಬೇಕೆಂಬ ಕೇಂದ್ರದ ನಿಯಮ ಬಂದಿರುವುದರಿಂದ ಹೋಲಿಸುವುದು ಸುಲಭವಾಗಿದೆ. ನಾಲ್ಕು ಆಸನ ಒಟ್ಟಿಗೆ ಬೇಕೆನ್ನುವವರಿಗೆ ಮಾತ್ರ ಈ ದಾರಿ ಕಷ್ಟ, ಎರಡಾದರೆ ಸಲೀಸು.

ಈ ಬಿಕ್ಕಟ್ಟಿಗೆ ನಾನು ಕಂಡ ಜಾಣ ಉತ್ತರ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ್ದು. ಅಲ್ಲಿನ ಅರ್ಥಶಾಸ್ತ್ರಜ್ಞರಾದ ಜೆಫ್ ಈಲಿ ಮತ್ತು ಸಂದೀಪ್ ಬಳಿಗ ರೂಪಿಸಿದ ‘ಪರ್ಪಲ್ ಪ್ರೈಸಿಂಗ್’ ಪದ್ಧತಿಯನ್ನು 2013ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲೂ ನಂತರ ಫುಟ್‌ಬಾಲ್‌ನ ಕೆಲವು ಬಿಡಿ ಪಂದ್ಯಗಳಲ್ಲೂ ಬಳಸಿದರು. ಬೆಲೆ ಎತ್ತರದಿಂದ ಆರಂಭವಾಗಿ ದಿನಕಳೆದಂತೆ ಇಳಿಯುತ್ತದೆ. ಕ್ರೀಡಾಂಗಣದ ಒಂದು ಆಸನ ವಿಭಾಗದ ಕೊನೆಯ ಬೆಲೆ ಎಷ್ಟಕ್ಕೆ ನಿಲ್ಲುತ್ತದೋ ಅಷ್ಟೇ ಅಲ್ಲಿನ ಎಲ್ಲರಿಗೂ, ಮೊದಲು ಹೆಚ್ಚು ಕೊಟ್ಟವರಿಗೆ ವ್ಯತ್ಯಾಸ ಮರಳುತ್ತದೆ. ಮೊದಲು ಬಂದವನು ಮೋಸಹೋದೆನೆಂದು ಕೊರಗುವಂತಿಲ್ಲ. ನೆಬ್ರಾಸ್ಕ ವಿಶ್ವವಿದ್ಯಾಲಯದ್ದು ಇನ್ನೊಂದು ಬಗೆ: 1962ರ ನವೆಂಬರಿನಿಂದ ಲಿಂಕನ್ನಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ ಪ್ರತಿ ಪಂದ್ಯದ ಟಿಕೆಟ್ಟೂ ಮಾರಾಟವಾಗಿ ಮುಗಿದಿದೆ ಎಂಬ ಸರಪಳಿ ಕಡಿಯದಂತೆ, 2021ರಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಬಡ ಮಕ್ಕಳಿಗೆ ಕೊಟ್ಟರು. ಬೆಲೆ ಇಳಿಸದೆಯೇ ಆಸನ ತುಂಬಿತು, ಯಾರೂ ಮುನಿಸಿಕೊಳ್ಳಲಿಲ್ಲ. ಉಚಿತ ಟಿಕೆಟ್ಟಿಗಿಂತ ಕೋಕ್ ಜೊತೆಗಿನ ಟಿಕೆಟ್ ಹೆಚ್ಚು ನೋಯಿಸುವುದು ವಿಚಿತ್ರವಾದರೂ ನಿಜ.

ಮಾರಾಟದ ಅಂಕಿಯನ್ನು ನಂಬಿ ಕೂರುವಂತೆಯೂ ಇಲ್ಲ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಲೆಕ್ಕಹಾಕಿದಂತೆ, ಗೇಟಿನಲ್ಲಿ ನಿಜವಾಗಿ ಸ್ಕ್ಯಾನ್ ಆದ ಟಿಕೆಟ್‌ಗಳು ಘೋಷಿತ ಹಾಜರಾತಿಯ ಸರಾಸರಿ 71 ಶೇಕಡಾ ಮಾತ್ರ. ಹಣ ಕೊಟ್ಟವರೇ ಬರುತ್ತಿಲ್ಲವೆಂದ ಮೇಲೆ ಕೊಡುಗೆಗಳಿಂದ ತುಂಬಬೇಕಾದ ಜಾಗ ಕಾಗದದ ಮೇಲೆ ಕಾಣುವುದಕ್ಕಿಂತ ದೊಡ್ಡದು. ಇದರ ನಡುವೆಯೇ ಖರ್ಚು ಏರುತ್ತಿದೆ: ಆಟಗಾರರಿಗೆ ವಿಶ್ವವಿದ್ಯಾಲಯಗಳು ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ 2025ರ ಜೂನಿನಲ್ಲಿ ನ್ಯಾಯಾಲಯದ ಮುದ್ರೆ ಬಿತ್ತು, ಮೊದಲ ವರ್ಷದ ಮಿತಿ ಸುಮಾರು 20.5 ಮಿಲಿಯನ್ ಡಾಲರ್. ಟೆನೆಸ್ಸಿ ವಿಶ್ವವಿದ್ಯಾಲಯ ಅದಕ್ಕೂ ಮುಂಚೆಯೇ 2025ರ ಟಿಕೆಟ್‌ಗಳ ಮೇಲೆ 10 ಶೇಕಡಾ ‘ಪ್ರತಿಭಾ ಶುಲ್ಕ’ ಘೋಷಿಸಿತ್ತು. ತಂಡ ಗೆಲ್ಲುತ್ತಿರುವ ಊರಿನಲ್ಲಿ ಇದು ನಡೆಯುತ್ತದೆ. ಮೇಲಿನ ಸಾಲುಗಳನ್ನು ಅಗ್ಗಕ್ಕೆ ಬಿಡುತ್ತಿರುವ ನಮ್ಮಂಥ ಊರಿನಲ್ಲಿ ನಡೆಯುವುದು ನನಗೆ ಅನುಮಾನ.

ನಮ್ಮ ಮನೆಯ ಈಗಿನ ಏರ್ಪಾಡು ಹೀಗಿದೆ. ನಾಲ್ಕು ಸೀಸನ್ ಟಿಕೆಟ್‌ಗಳಲ್ಲಿ ಎರಡನ್ನು ಬಿಟ್ಟುಕೊಟ್ಟು ಎರಡನ್ನು ಅದೇ ಸಾಲಿನಲ್ಲಿ ಉಳಿಸಿಕೊಂಡಿದ್ದೇವೆ. ಪಾಯಿಂಟ್ ಉಳಿಯುತ್ತದೆ, ಪಕ್ಕದ ಹಿರಿಯರೂ ಇದ್ದಾರೆ. ನಾಲ್ವರೂ ಹೊರಡುವ ಸೆಪ್ಟೆಂಬರಿನ ಪಂದ್ಯಕ್ಕೆ ಆ ಎರಡನ್ನು ಬೇರೆಯವರಿಗೆ ದಾಟಿಸಿ ಕುಟುಂಬ ಪ್ಯಾಕ್ ಕೊಳ್ಳುತ್ತೇವೆ. ಬದ್ಧ ಎದುರಾಳಿ ಬರುವ ವರ್ಷದಲ್ಲಿ ಮಕ್ಕಳಿಬ್ಬರಲ್ಲಿ ಯಾರು ಬರಬೇಕೆಂಬ ಜಗಳ ಮಾತ್ರ ಆಗಸ್ಟಿನಲ್ಲೇ ಶುರುವಾಗುತ್ತದೆ.