ಬೇಸಿಗೆ ರಜೆಗೆ ‘ಸ್ಪಿತಿ ಫುಲ್ ಸರ್ಕ್ಯೂಟ್’ ಅಂತ ಮಾರುವವರಿಗೆ ಅಡ್ವಾನ್ಸ್ ಕೊಡಬೇಡಿ

ಏಪ್ರಿಲ್-ಮೇ ರಜೆಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶಿಮ್ಲಾ ಕಡೆಯಿಂದ ಹತ್ತಿಸಿ, ಕುಂಜುಮ್ ಪಾಸ್ ದಾಟಿಸಿ, ಚಂದ್ರತಾಲ್ ಸರೋವರದ ಹತ್ತಿರ ಟೆಂಟ್‌ನಲ್ಲಿ ಉಳಿಸಿ, ಅಟಲ್ ಸುರಂಗದ ಮೂಲಕ ಮನಾಲಿಗೆ ಇಳಿಸ್ತೀವಿ ಅಂತ ಯಾರಾದರೂ ಮೇ ಮೊದಲ ವಾರಕ್ಕೆ ಪ್ಯಾಕೇಜ್ ಕೊಟ್ಟರೆ ನಂಬಬೇಡಿ. ಕುಂಜುಮ್ ಸುಮಾರು 4,550 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಬಿದ್ದ ಹಿಮವನ್ನು ಗಡಿ ರಸ್ತೆ ಸಂಸ್ಥೆಯವರು (ಬಿಆರ್‌ಒ) ಯಂತ್ರ ಹಚ್ಚಿ ತೆಗೆದ ಮೇಲೇ ಆ ದಾರಿ ತೆರೆಯುವುದು. ಸಾಮಾನ್ಯವಾಗಿ ಮೇ ಕೊನೆ, ಇಲ್ಲವೇ ಜೂನ್ ಆಗುತ್ತದೆ. ಅಷ್ಟು ಹೊತ್ತಿಗೆ ನಮ್ಮ ಮಕ್ಕಳ ಶಾಲೆ ಶುರುವಾಗಿರುತ್ತದೆ. ಇದು ಆ ಏಜೆಂಟರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಮ್ಮ ರಜೆ ನೋಡಿಕೊಂಡು ಮಾರುತ್ತಾರೆ.

ನಮಗೆ ಮಾರಿದವನು ಬೆಂಗಳೂರಿನವನು, ಕನ್ನಡದವನು. ಹೆಸರು ಹಾಕುತ್ತಿಲ್ಲ. ದೂರು ಗ್ರಾಹಕರ ಆಯೋಗದ ಮುಂದಿದೆ, ಹೆಸರು ಬೇಡ ಅಂತ ವಕೀಲರು ಹೇಳಿದ್ದಾರೆ. ಇಲ್ಲದಿದ್ದರೆ ಮೊದಲ ಸಾಲಿನಲ್ಲೇ ಹಾಕುತ್ತಿದ್ದೆ.

ಹೋದವರು ನಾನು, ನಮ್ಮ ಯಜಮಾನರು, ಮಗಳು, ನಮ್ಮ ಅತ್ತೆ, ಜೊತೆಗೆ ಅಕ್ಕ ಮತ್ತು ಭಾವ. ನಾನು ಶಿವಮೊಗ್ಗದಲ್ಲಿ ಟೀಚರ್. ರಜೆ ಬಿಟ್ಟರೆ ಬೇರೆ ಸಮಯ ಇಲ್ಲ ಅಂತ ಅವನಿಗೆ ಮೊದಲೇ ಹೇಳಿದ್ದೆ. ವಿಮಾನ ಬಿಟ್ಟು ತಲೆಗೆ 33,000 ರೂಪಾಯಿ. ಆರು ಜನಕ್ಕೆ 1,98,000. ಅರ್ಧ ಅಡ್ವಾನ್ಸ್, ಉಳಿದದ್ದು ಚಂಡೀಗಢದಲ್ಲಿ ಗಾಡಿ ಹತ್ತುವ ಮುಂಚೆ. ಇಂಥ ಪ್ಯಾಕೇಜ್‌ಗಳಲ್ಲಿ ಹಾಗೇ ಅಲ್ವಾ, ಎಲ್ಲರೂ ಹಾಗೇ ಕೇಳುತ್ತಾರೆ.

ಕುಂಜುಮ್ ಬಗ್ಗೆ ನಾನು ಬರೀ ಒಂದು ಸಲ ಕೇಳಿ ಸುಮ್ಮನಾದವಳಲ್ಲ. ಪದೇಪದೇ ಕೇಳಿದ್ದೆ. ಅವನ ಉತ್ತರ ವಾಯ್ಸ್ ಮೆಸೇಜಿನಲ್ಲಿ ಇವತ್ತಿಗೂ ನನ್ನ ಫೋನಲ್ಲಿದೆ. “ಅಕ್ಕಾ, ನೀವು ಟೆನ್ಷನ್ ತಗೋಬೇಡಿ. ರೋಡ್ ಓಪನ್ ಇರುತ್ತೆ, ನಂದು ಗ್ಯಾರಂಟಿ. ನನ್ನ ಸ್ವಂತ ಅಮ್ಮನ್ನೇ ಇದೇ ಟೈಮಲ್ಲಿ ಕರ್ಕೊಂಡು ಹೋಗಿದ್ದೆ.” ಸ್ವಂತ ಅಮ್ಮನ ಹೆಸರು ಎತ್ತಿ ಹೇಳಿದ ಮಾತು ಇದು.

ಕಣಿವೆಯ ಬಗ್ಗೆ ನನ್ನದು ಒಂದು ತಕರಾರೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಖಾಬ್‌ನಲ್ಲಿ ಸ್ಪಿತಿ ನದಿ ಬಂದು ಸತ್ಲಜ್ ಸೇರುವ ಜಾಗ, ಅಲ್ಲಿಂದ ಮುಂದೆ ಒಂದು ಗಿಡವೂ ಇಲ್ಲದ ಬೆಟ್ಟಗಳು, ನಾಕೋ, ಧನ್‌ಕರ್, ಎಲ್ಲವೂ ನೋಡಲೇಬೇಕಾದವು. ತಾಬೋದ ಮಠ 996ರಲ್ಲಿ ಕಟ್ಟಿದ್ದು. ಹೊರಗಿನಿಂದ ಬರೀ ಮಣ್ಣಿನ ಗೋಡೆ. ಒಳಗೆ ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಗೋಡೆ ತುಂಬ ಚಿತ್ರಗಳು ಕಾಣುತ್ತವೆ. ಫೋಟೋ ತೆಗೆಯುವಂತಿಲ್ಲ. ನಮ್ಮ ಅತ್ತೆ ಅಲ್ಲಿಂದ ಏಳಲೇ ಇಲ್ಲ, ನಾವೇ ಹೋಗಿ ಕರೆದುಕೊಂಡು ಬಂದೆವು.

ಮೊದಲ ಅನುಮಾನ ಬಂದದ್ದು ಕೋಮಿಕ್‌ನಲ್ಲಿ. ಆ ಊರು 4,500 ಮೀಟರ್‌ಗಿಂತ ಮೇಲಿದೆ. ಭಾವನಿಗೆ ಬೆಳಿಗ್ಗೆಯಿಂದಲೇ ತಲೆನೋವು, ಅಲ್ಲಿ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಕಟ್ಟಿದಂತಾಯಿತು. ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದೆ ಅಂತ ಪ್ಯಾಕೇಜ್‌ನಲ್ಲಿ ಬರೆದಿದ್ದರು. ಡ್ರೈವರ್‌ಗೆ ಕೇಳಿದರೆ “ಯಾವ ಸಿಲಿಂಡರ್?” ಅಂದ. ಅವನಿಗೆ ಯಾರೂ ಕೊಟ್ಟೇ ಇರಲಿಲ್ಲ. ಪಾಪ, ಆ ಹುಡುಗ ಒಂದು ಮಾತಾಡದೆ ಗಾಡಿ ತಿರುಗಿಸಿ, ಸ್ಪಿತಿಯ ಮುಖ್ಯ ಊರಾದ ಕಾಜಾದ ಆಸ್ಪತ್ರೆಗೆ ಇಳಿಸಿದ. ಅಲ್ಲಿ ಆಕ್ಸಿಜನ್ ಕೊಟ್ಟರು, ಸಂಜೆ ಹೊತ್ತಿಗೆ ಭಾವ ಸುಧಾರಿಸಿಕೊಂಡರು. ಅಕ್ಕನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. “ಎಲ್ಲಾ ವ್ಯವಸ್ಥೆ ಇದೆ ಬಾರೇ” ಅಂತ ಕರೆದುಕೊಂಡು ಬಂದವಳು ನಾನು.

ಅವತ್ತು ರಾತ್ರಿಯೇ ಎಲ್ಲ ಗೊತ್ತಾದದ್ದು.

ಕಾಜಾದ ಹೋಮ್‌ಸ್ಟೇ ಅಡುಗೆಮನೆ. ಮಧ್ಯದಲ್ಲಿ ಕಬ್ಬಿಣದ ಒಲೆ, ಸುತ್ತ ಕಂಬಳಿ ಹಾಸಿ ಎಲ್ಲರೂ ಕೂತಿದ್ದೆವು. ಮನೆಯೊಡತಿ ಎಲ್ಲರಿಗೂ ಬಿಸಿಬಿಸಿ ಥುಕ್ಪಾ ಬಡಿಸುತ್ತಿದ್ದರು. ನಾಳೆ ಎಷ್ಟು ಹೊತ್ತಿಗೆ ಹೊರಡೋಣ, ಚಂದ್ರತಾಲ್ ತಲುಪಲು ಎಷ್ಟು ಹೊತ್ತಾಗುತ್ತೆ ಅಂತ ನಾನು ಹಿಂದಿಯಲ್ಲಿ ಡ್ರೈವರ್‌ಗೆ ಕೇಳಿದೆ. ಆ ಹೆಂಗಸಿನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಚಂದ್ರತಾಲ್? ಅಭೀ ಕಹಾಂ ಬೆಹೆನ್‌ಜೀ, ಕುಂಜುಮ್ ತೋ ಬಂದ್ ಹೈ.” ನಿನ್ನೆ ಮೊನ್ನೆ ಮುಚ್ಚಿದ್ದಾ ಅಂತ ಕೇಳಿದೆ. ಇಲ್ಲವಂತೆ. ಚಳಿಗಾಲದಲ್ಲಿ ಮುಚ್ಚಿದ್ದು ಇನ್ನೂ ತೆರೆದೇ ಇಲ್ಲವಂತೆ. ಪಾಸ್‌ಗೆ ಮುಂಚಿನ ಕೊನೆಯ ಊರಾದ ಲೋಸರ್ ಆಚೆ ಇನ್ನೂ ಹಿಮ ತೆಗೆಯುತ್ತಿದ್ದಾರೆ, ಚಂದ್ರತಾಲ್‌ನಲ್ಲಿ ಒಂದು ಟೆಂಟೂ ಹಾಕಿಲ್ಲ, ದಾರಿ ತೆರೆಯದೆ ಅಲ್ಲಿಗೆ ಟೆಂಟ್ ಸಾಮಾನಾದರೂ ಹೇಗೆ ಹೋಗಬೇಕು ಅಂದರು.

ನಾನು ಡ್ರೈವರ್ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಜರ್ಕಿನ್ ಒಳಗಿನ ಜೇಬಿನಿಂದ ಮಡಿಸಿದ ಒಂದು ಹಳದಿ ಕಾಗದ ತೆಗೆದು ಕೊಟ್ಟ. ಅದು ಅವನ ಡ್ಯೂಟಿ ಸ್ಲಿಪ್. ಮಡಿಕೆಯಲ್ಲಿ ಹರಿದಿತ್ತು, ಮೂಲೆಯಲ್ಲಿ ಚಹಾ ಕಲೆ. ನೀಲಿ ಬಾಲ್‌ಪೆನ್ನಲ್ಲಿ ಹಿಂದಿಯಲ್ಲಿ ಬರೆದಿತ್ತು: ಚಂಡೀಗಢ–ಕಾಜಾ–ಚಂಡೀಗಢ, ಹೋಗುವುದೂ ಬರುವುದೂ ಕಿನ್ನೌರ್ ಮೇಲೆ, ಅಂದರೆ ನಾವು ಬಂದ ಶಿಮ್ಲಾ ಕಡೆಯ ದಾರಿಯಲ್ಲೇ. ಮನಾಲಿ ಅನ್ನುವ ಹೆಸರೇ ಇಲ್ಲ. ಕೆಳಗೆ ಬುಕಿಂಗ್ ಮಾಡಿದ ತಾರೀಖು. ನಾವು ಊರು ಬಿಡುವುದಕ್ಕೆ ಎಷ್ಟೋ ದಿನ ಮೊದಲಿನದು!

ಅಂದರೆ ಗಾಡಿ ಗೊತ್ತು ಮಾಡುವಾಗಲೇ ಅವನಿಗೆ ಗೊತ್ತಿತ್ತು. ಹೋದ ದಾರಿಯಲ್ಲೇ ನಮ್ಮನ್ನು ವಾಪಸ್ ತರಬೇಕು ಅಂತ ಮೊದಲೇ ಬರೆಸಿಟ್ಟಿದ್ದ. ನಮ್ಮ ಕೈಯಲ್ಲಿದ್ದ ಕಾಗದದಲ್ಲಿ ಮಾತ್ರ ಚಂದ್ರತಾಲ್ ಕ್ಯಾಂಪ್, ಮನಾಲಿ ಹೋಟೆಲ್, ಬಾನ್‌ಫೈರ್, ಎಲ್ಲಾ. ಅವುಗಳ ದುಡ್ಡನ್ನೂ ತಗೊಂಡಿದ್ದ. ಆ ಹಳದಿ ಕಾಗದ ಹಿಡಿದುಕೊಂಡು ಕೂತಾಗ ನನ್ನ ಕೈ ನಡುಗುತ್ತಿತ್ತು. ಚಳಿಗಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗಳು ಮಾತ್ರ “ಅಮ್ಮಾ, ಹಾಗಾದ್ರೆ ನಾಳೆ ಲೇಕ್ ಇಲ್ವಾ?” ಅಂತ ಕೇಳಿದಳು.

ಕಾಜಾದಲ್ಲಿ ಜಿಯೋ ಸಿಗುತ್ತಿತ್ತು. ಆಗಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ಯಾಕೆಂದರೆ ನಾಳೆ ನಿಮಗೂ ಇವೇ ಮಾತು ಬರುತ್ತವೆ.

“ಅಯ್ಯೋ ಅಕ್ಕಾ, ನಿನ್ನೆ ನೈಟ್ ಸಡನ್ನಾಗಿ ಸ್ನೋಫಾಲ್ ಆಗಿ ಪಾಸ್ ಕ್ಲೋಸ್ ಮಾಡಿದಾರೆ. ನಾನೇ ನಿಮಗೆ ಕಾಲ್ ಮಾಡೋಣ ಅಂತಿದ್ದೆ.”

ಈ ವರ್ಷ ತೆರೆದೇ ಇಲ್ಲವಂತಲ್ಲ ಅಂದೆ. “ಲೋಕಲ್‌ನವರು ಏನೇನೋ ಹೇಳ್ತಾರೆ ಅಕ್ಕಾ, ಅವರ ಮಾತು ಕೇಳ್ಬೇಡಿ.” ಅಲ್ಲೇ ಹುಟ್ಟಿ ಬೆಳೆದವರ ಮಾತು ಕೇಳಬಾರದು, ಬೆಂಗಳೂರಿನಲ್ಲಿ ಕೂತವನ ಮಾತು ಕೇಳಬೇಕು!

ಸ್ಲಿಪ್‌ನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ ಬಂದದ್ದು: “ಇದು ವೆಂಡರ್ ಮಿಸ್ಟೇಕ್ ಮೇಡಂ.” ಅದರ ಹಿಂದೆಯೇ ಇನ್ನೊಂದು: “ನೇಚರ್ ಇಶ್ಯೂಗೆ ಕಂಪನಿ ರೆಸ್ಪಾನ್ಸಿಬಲ್ ಅಲ್ಲ ಮೇಡಂ. ಟರ್ಮ್ಸ್ ಓದಿ.” ಇನ್ನೂ ಒಂದು ಕಳಿಸಿ, ನಾನು ತೆರೆಯುವಷ್ಟರಲ್ಲಿ ಅಳಿಸಿಹಾಕಿದ.

ಬೆಳಿಗ್ಗೆ ಇನ್ನೂ ದೊಡ್ಡದು ಕಾದಿತ್ತು. ವಾಪಸ್ ಕಿನ್ನೌರ್ ಮೇಲೆ ಹೋಗಲು ಕಿಲೋಮೀಟರ್ ಜಾಸ್ತಿ ಆಗುತ್ತೆ, 18,000 ಹಾಕಿ ಅಂದ. ಗಾಡಿ ಮೊದಲಿಂದಲೂ ಅದೇ ದಾರಿಗೆ ಗೊತ್ತಾಗಿತ್ತು, ಸ್ಲಿಪ್ ನನ್ನ ಕೈಯಲ್ಲಿತ್ತು, ಆದರೂ ಕೇಳಿದ. ದುಡ್ಡು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡ ಅಂತ ಡ್ರೈವರ್‌ಗೂ ಫೋನ್ ಮಾಡಿಸಿದ್ದ. ಕಾಜಾದಿಂದ ಶಿಮ್ಲಾಕ್ಕೆ 400 ಕಿಲೋಮೀಟರ್ ದಾಟುತ್ತದೆ. ಮಲಿಂಗ್ ನಾಲಾದಂಥ ಕಡೆ ಗುಡ್ಡ ಯಾವಾಗ ಕುಸಿಯುತ್ತೋ ಹೇಳಲಾಗದು. ಚಂಡೀಗಢದಲ್ಲಿ ವಿಮಾನ ಕಾಯುವುದಿಲ್ಲ. ಭಾವ ಇನ್ನೂ ಸುಸ್ತಾಗಿದ್ದರು. ನಮ್ಮ ಯಜಮಾನರು ಜಗಳ ಆಡಿ 12,000ಕ್ಕೆ ಇಳಿಸಿ ಕಳಿಸಿದರು. ಕುತ್ತಿಗೆ ಹಿಸುಕಿ ತಗೊಂಡ ದುಡ್ಡು ಅದು.

ಹೊರಡುವಾಗ ಇನ್ನೊಂದು ಅವಮಾನ. ಹೋಮ್‌ಸ್ಟೇಗೆ ಬರೀ 2,000 ಅಡ್ವಾನ್ಸ್ ಬಂದಿತ್ತು. ಬಾಕಿ ಕೇಳಲು ಆ ತಾಯಿಗೇ ಮುಜುಗರ. ಬಾಗಿಲ ಹತ್ತಿರ ನಿಂತು, ಸೆರಗಿನಂಥ ಶಾಲಿನ ತುದಿ ತಿರುಚುತ್ತಾ, ಮೆಲ್ಲಗೆ ಹೇಳಿದರು. ಅದನ್ನೂ ನಾವೇ ಕೊಟ್ಟೆವು. ಅವರ ದುಡ್ಡು ಹೊಡೆಯುವ ಮನಸ್ಸು ನಮಗೆ ಬರಲಿಲ್ಲ, ಅವನಿಗೆ ಹೇಗೆ ಬಂತೋ.

ದಾರಿಯಲ್ಲಿ, ಸಿಗ್ನಲ್ ಸಿಕ್ಕ ಕಡೆ, ಮನಾಲಿ ಹೋಟೆಲ್‌ಗೆ ಫೋನ್ ಮಾಡಿದೆ. “ಹೋಟೆಲ್ ಕ್ಯಾನ್ಸಲ್ ಮಾಡಿದ್ದಕ್ಕೆ ಫುಲ್ ಚಾರ್ಜ್ ಹೋಗಿದೆ, ರಿಫಂಡ್ ಬರಲ್ಲ” ಅಂತ ಅವನು ಹೇಳಿದ್ದ. ಹೋಟೆಲ್‌ನವರು ರಿಜಿಸ್ಟರ್ ನೋಡಿ, ನಿಮ್ಮ ಹೆಸರಲ್ಲೂ ಇಲ್ಲ, ಆ ಏಜೆನ್ಸಿ ಹೆಸರಲ್ಲೂ ಇಲ್ಲ, ಅಂಥ ಬುಕಿಂಗೇ ಬಂದಿಲ್ಲ ಅಂದರು. ಇದನ್ನು ಅವನಿಗೆ ಹೇಳಿದರೆ: “ಮೇಡಂ, ನೀವು ಹೀಗೆ ಕ್ರಾಸ್ ಚೆಕ್ ಮಾಡೋದು ಸರಿಯಲ್ಲ.”

ನಿಜಕ್ಕೂ ಹಿಮ ಬಿದ್ದು ದಾರಿ ಮುಚ್ಚಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಆ ಬೆಟ್ಟಗಳ ಜೊತೆ ಹುಡುಗಾಟ ಆಡಬಾರದು. 2023ರ ಜುಲೈನಲ್ಲಿ, ನಡು ಮಳೆಗಾಲದಲ್ಲಿ ಹಿಮ ಸುರಿದು ಇದೇ ಚಂದ್ರತಾಲ್‌ನಲ್ಲಿ ನೂರಾರು ಜನ ಸಿಕ್ಕಿಹಾಕಿಕೊಂಡಿದ್ದರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ನಮ್ಮ ರಾಜ್ಯದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಆ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ನಮ್ಮ ಅತ್ತೆಗೆ ಹಿಮಾಲಯ ಅಂದರೆ ಭಯ. ಅವರನ್ನು ಒಪ್ಪಿಸಲು ಇವನ ಆ ವಾಯ್ಸ್ ಮೆಸೇಜನ್ನೇ ಕೇಳಿಸಿದ್ದೆ. ಅಂಥ ಜಾಗದ ಹೆಸರಲ್ಲಿ ಸುಳ್ಳು ಹೇಳಿ, ಸಿಕ್ಕಿಬಿದ್ದ ಮೇಲೆ “ನೇಚರ್” ಅಂತ ಪ್ರಕೃತಿ ಮೇಲೆ ಹಾಕುತ್ತಾನಲ್ಲ, ನನಗೆ ಅದೇ ಸಹಿಸಲು ಆಗುತ್ತಿಲ್ಲ.

ಊರಿಗೆ ಬಂದ ಮೇಲೆ ದುಡ್ಡು ಕೇಳಿದೆ. ಮೊದಲು ಅಕೌಂಟ್ಸ್‌ನವರು ರಜೆ. ಆಮೇಲೆ ವೆಂಡರ್ ವಾಪಸ್ ಕೊಟ್ಟಿಲ್ಲ. ಆಮೇಲೆ ಫೋನೇ ಎತ್ತಲಿಲ್ಲ. ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿ ಸ್ಲಿಪ್ ಫೋಟೋ ಸೇರಿಸಿದ ದಿನವೇ ಅವನೇ ಫೋನ್ ಮಾಡಿದ. “ರಿವ್ಯೂ ತೆಗೀರಿ ಮೇಡಂ, 5,000 ಕೊಡ್ತೀನಿ. ನೆಕ್ಸ್ಟ್ ವಿಯೆಟ್ನಾಂ ಟೂರ್‌ಗೆ ಡಿಸ್ಕೌಂಟ್ ಕೂಡ ಕೊಡ್ತೀನಿ.” ತೆಗೆದಿಲ್ಲ. ತೆಗೆಯುವುದೂ ಇಲ್ಲ.

ಹೋಗುವವರು ಇಷ್ಟು ಮಾಡಿ. ದಾರಿ ತೆರೆದಿದೆಯಾ ಅನ್ನುವುದನ್ನು ಏಜೆಂಟ್‌ಗೆ ಕೇಳಬೇಡಿ. ಲಾಹೌಲ್-ಸ್ಪಿತಿ ಜಿಲ್ಲಾ ಪೊಲೀಸರು ತಮ್ಮ ಫೇಸ್‌ಬುಕ್, ಎಕ್ಸ್ ಪುಟಗಳಲ್ಲಿ ರಸ್ತೆ ಸ್ಥಿತಿ ಹಾಕುತ್ತಿರುತ್ತಾರೆ, ಅಲ್ಲಿ ನೋಡಿ. ಇಲ್ಲವೇ ಕಾಜಾದ ಯಾವುದಾದರೂ ಹೋಮ್‌ಸ್ಟೇಗೆ ನೇರ ಫೋನ್ ಮಾಡಿ, ಅವರು ನಿಜ ಹೇಳುತ್ತಾರೆ. ಬಾಕಿ ದುಡ್ಡು ಕೊಡುವ ಮುಂಚೆ ಡ್ರೈವರ್ ಕೈಯಲ್ಲಿರುವ ಸ್ಲಿಪ್ ತೆಗೆಸಿ ನೋಡಿ. ನಿಮ್ಮ ಕಾಗದದಲ್ಲಿರುವ ದಾರಿಯೇ ಅದರಲ್ಲೂ ಇರಬೇಕು. ಹೋಟೆಲ್‌ಗಳಿಗೆ ನೀವೇ ಫೋನ್ ಹಚ್ಚಿ. ವಯಸ್ಸಾದವರಿದ್ದರೆ ಸಿಲಿಂಡರ್ ಕಣ್ಣಾರೆ ಕಂಡ ಮೇಲೇ ಗಾಡಿ ಹತ್ತಿಸಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915. ಬೆಂಗಳೂರಿಗೆ ಅಲೆಯಬೇಕು ಅಂತ ಸುಮ್ನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಶಿವಮೊಗ್ಗದಲ್ಲೇ ಕೊಟ್ಟಿದ್ದೇನೆ. ವಾಯ್ಸ್ ಮೆಸೇಜ್, ಸ್ಲಿಪ್, ಪೇಮೆಂಟ್ ಸ್ಕ್ರೀನ್‌ಶಾಟ್ ಎಲ್ಲಾ ಸೇರಿಸಿ.

ಇಷ್ಟೆಲ್ಲ ಬರೆಯಲು ಕಾರಣ, ಅದೇ ಪೋಸ್ಟರ್ ನಿನ್ನೆ ನಮ್ಮ ಶಾಲೆಯ ಟೀಚರ್ಸ್ ಗ್ರೂಪಿಗೇ ಬಂತು. ಅದೇ ಚಂದ್ರತಾಲ್ ಫೋಟೋ, ಅದೇ ಫೋನ್ ನಂಬರ್. ಈ ಸಲ ದಸರಾ ರಜೆಗೆ, ಅಕ್ಟೋಬರ್ ಕೊನೆಯವರೆಗೂ ಬ್ಯಾಚ್ ಇದೆ ಅಂತ ಹಾಕಿದ್ದಾನೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಚಂದ್ರತಾಲ್ ಕ್ಯಾಂಪ್‌ಗಳನ್ನು ಕಿತ್ತು ಕೆಳಗೆ ಸಾಗಿಸುತ್ತಾರೆ. ನಮ್ಮ ಸಹೋದ್ಯೋಗಿ ಒಬ್ಬರು ಆಗಲೇ 10,000 ಕಳಿಸಿದ್ದರು. ಅವರಿಗೆ ಸ್ಲಿಪ್ ಫೋಟೋ ತೋರಿಸಿದ್ದೇನೆ, ಅವರೂ ವಾಪಸ್ ಕೇಳುತ್ತಿದ್ದಾರೆ. ಅದೇ ಪೋಸ್ಟರ್ ನಿಮ್ಮ ಗ್ರೂಪಿಗೂ ಬಂದಿದ್ದರೆ ದಯವಿಟ್ಟು ದುಡ್ಡು ಕಳಿಸುವ ಮೊದಲು ನನಗೊಂದು ಮೆಸೇಜ್ ಹಾಕಿ.